ಎರಡು ಬಾಡಿಗೆ, ಎರಡು ಭೋಗ್ಯ

‘ನಾವು ಬಾಡಿಗೆಯವರಲ್ಲ ತಾಯಿ, ಭೋಗ್ಯದವರು.’

ಮೊದಲ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಕುಳಿತು ಮೊರದಲ್ಲಿ ಹುರುಳಿಕಾಳು ಆರಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದ ಮಾತು ಇದು. ನಾನು ಆ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿದ್ದು ನೀರು ನೋಡುವುದಕ್ಕೆ. ನಲ್ಲಿಯಲ್ಲಿ ನೀರು ಯಾವ ರಭಸದಲ್ಲಿ ಬರುತ್ತದೆ, ಸಂಪು ಎಷ್ಟು ದೊಡ್ಡದು, ಅಷ್ಟೇ. ನಾಲ್ಕು ಮನೆಗಳ ಆ ಕಟ್ಟಡವನ್ನು ಕೊಳ್ಳಲು ಐವತ್ತು ಸಾವಿರ ಮುಂಗಡ ಕೊಟ್ಟು ಹದಿನೈದು ದಿನವಾಗಿತ್ತು. ಅಜ್ಜಿ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟು, ‘ಆರು ಲಕ್ಷ ಕೊಟ್ಟಿದ್ದೇವೆ. ಕೆಳಗೆ ಹಿಂದಿನ ಮನೆಯವರದು ಐದೂವರೆ’ ಎಂದರು. ಮನೆ ಬಿಡುವಾಗ ಅವರಿಗೆ ವಾಪಸು ಕೊಡಬೇಕಾದ ಹನ್ನೊಂದೂವರೆ ಲಕ್ಷದ ಸುದ್ದಿಯನ್ನು ಅಷ್ಟು ಸಲೀಸಾಗಿ ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ನಾನು ತುಮಕೂರಿನಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ಯಜಮಾನರಿಗೆ ವಿಮಾ ಕಚೇರಿಯಲ್ಲಿ ಕೆಲಸ. ಗುಬ್ಬಿಯಲ್ಲಿ ನನ್ನ ಅಪ್ಪ ಕೊಟ್ಟಿದ್ದ ನಿವೇಶನವೊಂದು ಹದಿನಾಲ್ಕು ವರ್ಷ ಪಾರ್ಥೇನಿಯಂ ಬೆಳೆಸಿಕೊಂಡು ಬಿದ್ದಿತ್ತು. ಅದನ್ನು ಮಾರಿದಾಗ ಬಂದ 22 ಲಕ್ಷಕ್ಕೆ ಇನ್ನೊಂದು ನಿವೇಶನ ತೆಗೆದುಕೋ ಎಂದು ನನ್ನ ಅಣ್ಣ ಹಟ ಹಿಡಿದ. ‘ಸೈಟು ಉಣ್ಣುವುದಿಲ್ಲ, ಉಡುವುದಿಲ್ಲ, ರಾತ್ರಿ ಫೋನ್ ಮಾಡಿ ನಲ್ಲಿ ಕೆಟ್ಟಿದೆ ಎನ್ನುವುದಿಲ್ಲ’ ಎನ್ನುವುದು ಅವನ ವಾದ. ವಾದ ಸರಿಯಾಗಿಯೇ ಇತ್ತು. ಆದರೆ ಹದಿನಾಲ್ಕು ವರ್ಷ ಒಂದು ರೂಪಾಯಿಯನ್ನೂ ಕೊಡದ ಆಸ್ತಿಗೆ ಕಂದಾಯ ಕಟ್ಟಿದವಳು ನಾನು, ಅವನಲ್ಲ. ನನಗೆ ತಿಂಗಳು ತಿಂಗಳು ಏನಾದರೂ ಬರುವ ಆಸ್ತಿ ಬೇಕಿತ್ತು. ಒಂದೇ ಮನೆ ಕೊಂಡರೆ ಬಾಡಿಗೆಯವರು ಬಿಟ್ಟುಹೋದ ದಿನ ಆದಾಯ ಸೊನ್ನೆ. ನಾಲ್ಕು ಮನೆಗಳಿದ್ದರೆ ಒಂದು ಖಾಲಿಯಾದರೂ ಮುಕ್ಕಾಲು ಪಾಲು ಉಳಿಯುತ್ತದೆ. ಇಷ್ಟು ಸರಳ ಲೆಕ್ಕ ಹಿಡಿದುಕೊಂಡು 2025ರ ಸಂಕ್ರಾಂತಿ ಕಳೆದ ಮೇಲೆ ಹುಡುಕಲು ಹೊರಟೆವು.

ನಾಲ್ಕು ತಿಂಗಳಲ್ಲಿ ಹನ್ನೊಂದು ಕಟ್ಟಡ ನೋಡಿದೆವು. ಮರಳೂರು ಕಡೆ ಒಂದು ಬಹಳ ಚೆನ್ನಾಗಿತ್ತು, ಖಾತೆ ಮಾತ್ರ ‘ಬಿ’, ಅಂದರೆ ಪೂರ್ತಿ ಸಕ್ರಮವಾಗದ ಆಸ್ತಿಯದು. ಸಾಲಕ್ಕೆ ಬ್ಯಾಂಕಿಗೆ ಹೋಗಬೇಕಾದವರಿಗೆ ಆ ಒಂದು ಅಕ್ಷರ ಸಾಕು. ಕ್ಯಾತ್ಸಂದ್ರದಲ್ಲಿ ಎಂಟು ಒಂಟಿ ಕೋಣೆಗಳಿಗೆ ಸೇರಿ ಎರಡು ಶೌಚಾಲಯ. ಶಿರಾ ಗೇಟ್ ಬಳಿಯದು ಅಣ್ಣತಮ್ಮಂದಿರ ಪಾಲಿನ ಆಸ್ತಿ. ಪಾಲುಪತ್ರದಲ್ಲಿ ಅಕ್ಕನ ಸಹಿಯೇ ಇರಲಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲೇ ಕಾನೂನಿಗೆ ತಿದ್ದುಪಡಿಯಾಗಿರುವಾಗ, ‘ಅವಳು ಕೇಳುವುದಿಲ್ಲ ಬಿಡಿ ಮೇಡಂ’ ಎಂಬ ಮಾತಿನ ಮೇಲೆ ಮುಕ್ಕಾಲು ಕೋಟಿ ಇಡಲು ನಾನು ತಯಾರಿರಲಿಲ್ಲ. ದಲ್ಲಾಳಿಗಳೆಲ್ಲರೂ ತಪ್ಪದೆ ಹೇಳಿದ ಒಂದು ಮಾತು: ‘ಮೆಟ್ರೊ ಬರುತ್ತದೆ, ಆಮೇಲೆ ನೋಡಿ ಬೆಲೆ!’ ಮೆಟ್ರೊ 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಅಂಚಿನ ಮಾದಾವರದವರೆಗೆ ಬಂದು ನಿಂತಿದೆ. ದಲ್ಲಾಳಿಗಳ ಬಾಯಲ್ಲಿ ಮಾತ್ರ ಅದು ಕ್ಯಾತ್ಸಂದ್ರ ದಾಟಿ ವರ್ಷಗಳಾಗಿವೆ.

ಉಪ್ಪಾರಹಳ್ಳಿಯದು ಹನ್ನೆರಡನೆಯದು. ಮೂವತ್ತು–ನಲವತ್ತರ ನಿವೇಶನ, ಕೆಳಗೆ ಎರಡು, ಮೇಲೆ ಎರಡು, ಎಲ್ಲವೂ ಒಂದು ಮಲಗುವ ಕೋಣೆಯ ಮನೆಗಳು. ತಾರಸಿಯ ಮೇಲೆ ತಗಡಿನ ಹೊದಿಕೆಯ ಕೋಣೆಯೊಂದರಲ್ಲಿ ಇಬ್ಬರು ಕಾಲೇಜು ಹುಡುಗರು. ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು, ಅದೇ ನನ್ನ ಮನಸ್ಸು ಗೆದ್ದದ್ದು. ತುಮಕೂರಿನಲ್ಲಿ ಮನೆ ಮಾಡಿಕೊಂಡು ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರು ಮನೆ ಹುಡುಕುವಾಗ ಮೊದಲು ಅಳೆಯುವುದು ನಿಲ್ದಾಣದ ದೂರವನ್ನೇ. ದಲ್ಲಾಳಿ ಒಂದು ಚೀಟಿಯಲ್ಲಿ ಬರೆದುಕೊಟ್ಟ: ಎಂಟು ಸಾವಿರ, ಏಳು ಸಾವಿರ, ಎಂಟು ಸಾವಿರ, ಏಳೂವರೆ ಸಾವಿರ, ತಾರಸಿಯ ಕೋಣೆ ನಾಲ್ಕು ಸಾವಿರ. ಒಟ್ಟು 34,500. ನಲವತ್ತು ಲಕ್ಷ ಸಾಲಕ್ಕೆ ಶೇ. 8ರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಕಂತು 33,458. ‘ಕಂತನ್ನು ಬಾಡಿಗೆಯೇ ಕಟ್ಟುತ್ತದೆ ಮೇಡಂ, ನೀವು ಸಹಿ ಹಾಕಿದರೆ ಸಾಕು.’ ಮಾರುವವರು ಎಂಬತ್ತು ಲಕ್ಷ ಕೇಳಿದ್ದರು. ಎಪ್ಪತ್ತೆರಡಕ್ಕೆ ಮಾತು ಮುಗಿಯಿತು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಲೆಕ್ಕ ಇಷ್ಟು ನುಣ್ಣಗೆ ಬಂದಿದ್ದರೆ ನಾನು ಪಕ್ಕದ ಹುಡುಗನ ಪತ್ರಿಕೆಯನ್ನೂ ತೆಗೆದು ನೋಡುತ್ತಿದ್ದೆ. ಇಲ್ಲಿ ನೋಡಲಿಲ್ಲ.

ಕಾಗದಪತ್ರಗಳನ್ನು ನೋಡಿಸಿದ್ದೆ. ಮೂಲಪತ್ರ, ಭೂಪರಿವರ್ತನೆಯ ಆದೇಶ, ಕಂದಾಯದ ರಸೀದಿ ಎಲ್ಲವನ್ನೂ ವಕೀಲರು ಓದಿದ್ದರು. 2004ರಿಂದ ಈಚಿನ ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೇ ಸಿಕ್ಕಿತು, ಹಿಂದಿನದನ್ನು ಅರ್ಜಿ ಹಾಕಿ ತರಿಸಿದೆವು. ಯಾವುದರಲ್ಲೂ ಸಾಲವಿಲ್ಲ, ಅಡಮಾನವಿಲ್ಲ. ಅಜ್ಜಿಯ ಮಾತು ಕೇಳಿದ ಸಂಜೆ ಅದೇ ಪತ್ರಗಳನ್ನು ಹಿಡಿದು ವಕೀಲರ ಮುಂದೆ ಕುಳಿತೆ. ಇದರಲ್ಲಿ ಭೋಗ್ಯ ಯಾಕಿಲ್ಲ ಎಂದು ಕೇಳಿದರೆ ಅವರು ನಕ್ಕರು. ‘ಋಣಭಾರ ಪತ್ರದಲ್ಲಿ ಬರುವುದು ನೋಂದಣಿಯಾದದ್ದು ಮಾತ್ರ ಮೇಡಂ. ಛಾಪಾ ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಟ್ಟುಕೊಂಡದ್ದು ಅಲ್ಲಿಗೆ ಹೇಗೆ ಬರಬೇಕು? ಮನೆಯಲ್ಲಿ ಯಾರೋ ವಾಸವಾಗಿದ್ದಾರೆ ಎಂದ ಮೇಲೆ ಯಾವ ಹಕ್ಕಿನಿಂದ ಇದ್ದಾರೆ ಎಂದು ವಿಚಾರಿಸಬೇಕಾದವರು ಕೊಳ್ಳುವವರೇ. ನನಗೆ ಗೊತ್ತಿರಲಿಲ್ಲ ಎಂದರೆ ಕೋರ್ಟು ಒಪ್ಪುವುದಿಲ್ಲ.’

ಬೇರೆ ಊರಿನವರಿಗೆ ಭೋಗ್ಯವನ್ನು ಬಿಡಿಸಿ ಹೇಳಬೇಕು. ಮನೆಯ ಒಡೆಯನಿಗೆ ಒಟ್ಟಿಗೆ ಒಂದು ದೊಡ್ಡ ಮೊತ್ತ ಕೊಟ್ಟು ಎರಡು–ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು. ಅವಧಿ ಮುಗಿದಾಗ ಮೊತ್ತವನ್ನು ಪೂರ್ತಿ ವಾಪಸು ಪಡೆದು ಮನೆ ಬಿಡುವುದು. ಒಡೆಯನಿಗೆ ಅದು ಬಡ್ಡಿಯಿಲ್ಲದ ಸಾಲದಂತೆ ಕಾಣುತ್ತದೆ, ಇರುವವರಿಗೆ ಬಾಡಿಗೆಯಿಲ್ಲದ ಮನೆಯಂತೆ ಕಾಣುತ್ತದೆ. ಇಬ್ಬರಿಗೂ ಪುಕ್ಕಟೆ ಸಿಕ್ಕಂತೆ ಕಾಣುವ ವ್ಯವಹಾರದಲ್ಲಿ ಯಾರಾದರೊಬ್ಬರು ಕೊಡುತ್ತಲೇ ಇರಬೇಕಲ್ಲ. ನಾನು ಹಾಕಿದ ಲೆಕ್ಕ ಇದು: ಏಳೂವರೆ ಸಾವಿರ ಬಾಡಿಗೆ ಬರಬಹುದಾದ ಮನೆಯನ್ನು ಆರು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ವರ್ಷಕ್ಕೆ 90 ಸಾವಿರ ಬಿಟ್ಟಂತೆ. ಅಂದರೆ ಆರು ಲಕ್ಷಕ್ಕೆ ಶೇ. 15ರ ಬಡ್ಡಿ. ಬ್ಯಾಂಕು ಶೇ. 8ಕ್ಕೆ ಕೊಡುತ್ತಿರುವಾಗ! ಮಾರುವವರು ಮಹಡಿ ಕಟ್ಟುವಾಗ ಹಣ ಸಾಲದೆ ಕೆಳಗಿನದನ್ನು ಭೋಗ್ಯಕ್ಕೆ ಹಾಕಿದ್ದರು, ಮಗಳ ಮದುವೆಗೆ ಮೇಲಿನದನ್ನು. ತುರ್ತಿಗೆ ಸಿಕ್ಕ ಹಣ, ಬಡ್ಡಿ ಕಣ್ಣಿಗೆ ಕಾಣಲಿಲ್ಲ ಅಷ್ಟೇ. ಅವರ ಮೇಲೆ ಕೋಪ ಬಂದದ್ದು ಭೋಗ್ಯಕ್ಕೆ ಹಾಕಿದ್ದಕ್ಕಲ್ಲ, ಬಾಯಿ ಬಿಡದಿದ್ದಕ್ಕೆ.

ಮರುದಿನ ಮಾರುವವರ ಮನೆಯಲ್ಲಿ ಮಾತುಕತೆ. ಕಾಫಿ ಬಂತು, ಕೋಡುಬಳೆ ಬಂತು, ವಿಷಯ ಬರಲಿಲ್ಲ. ಕೊನೆಗೆ ನಾನೇ ಎತ್ತಿದೆ. ‘ಅದೇನು ದೊಡ್ಡ ಮಾತು ಬಿಡಮ್ಮ, ಅವರನ್ನು ನಾನು ಬಿಡಿಸಿಕೊಡುತ್ತೇನೆ’ ಎಂದರು ಹಿರಿಯರು. ಬಿಡಿಸಲು ಅವರ ಬಳಿ ಹಣವಿಲ್ಲ, ನಮ್ಮ ಹಣದಿಂದಲೇ ಬಿಡಿಸಬೇಕು. ನೋಂದಣಿಯಾದ ಮೇಲೆ ಆ ಹಣ ಯಾರ ಕೈಯಲ್ಲಿ ಹೋಗುತ್ತದೆ ಎಂಬುದಷ್ಟೇ ಪ್ರಶ್ನೆ. ಮೂರು ಸಲ ಕುಳಿತು ಎದ್ದ ಮೇಲೆ ಒಂದು ದಾರಿಗೆ ಬಂದೆವು. ಭೋಗ್ಯದ ಹನ್ನೊಂದೂವರೆ ಲಕ್ಷ, ಜೊತೆಗೆ ಬಾಡಿಗೆಯ ಎರಡು ಮನೆಯವರ ಐವತ್ತೈವತ್ತು ಸಾವಿರದ ಅಡ್ವಾನ್ಸ್, ಒಟ್ಟು ಹನ್ನೆರಡೂವರೆ ಲಕ್ಷವನ್ನು ನಾವೇ ಉಳಿಸಿಕೊಳ್ಳುವುದು. ಅದನ್ನು ವಾಪಸು ಕೊಡುವ ಹೊಣೆ ಇನ್ನು ಮುಂದೆ ನಮ್ಮದು. ಈ ಮಾತು ಕ್ರಯಪತ್ರದಲ್ಲೇ ಬರಬೇಕು. ನಾಲ್ಕೂ ಮನೆಯವರು ತಾವು ಕೊಟ್ಟ ಮೊತ್ತವನ್ನು ಬರೆದು ಸಹಿ ಹಾಕಬೇಕು. ಮಾರುವವರ ಕೈಗೆ ಐವತ್ತೊಂಬತ್ತೂವರೆ. ಅದರಲ್ಲೂ, ಬೆಲೆ 50 ಲಕ್ಷ ಮುಟ್ಟಿದ ಮೇಲೆ ಕೊಳ್ಳುವವರು ಶೇ. 1ರಷ್ಟು ಆದಾಯ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಎಪ್ಪತ್ತೆರಡು ಸಾವಿರ ಹಾಗೆ ಹೋಗುತ್ತದೆ ಎಂದಾಗ ಹಿರಿಯರು ಕೋಡುಬಳೆಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಬ್ಯಾಂಕಿನಿಂದ ಬಂದ ಎಂಜಿನಿಯರ್ ಟೇಪು ಹಿಡಿದು ಅಳೆಯುತ್ತ ತಾರಸಿಗೆ ಹೋದವರು ತಗಡಿನ ಕೋಣೆಯ ಚಿತ್ರ ತೆಗೆದುಕೊಂಡರು. ‘ಇದು ಪ್ಲಾನಿನಲ್ಲಿ ಇಲ್ಲ. ನಾನು ಕಂಡೇ ಇಲ್ಲ ಎಂದು ಬರೆಯಲಾರೆ’ ಎಂದರು. ಚೀಟಿಯ ನಾಲ್ಕು ಸಾವಿರಕ್ಕೆ ಅಲ್ಲಿಗೆ ಅಡ್ಡಗೆರೆ ಬಿತ್ತು. ಮಾರುವವರು ತಗಡು ಇಳಿಸಿ ಕೊಟ್ಟರು, ಹುಡುಗರು ಗೆಳೆಯರ ಕೋಣೆ ಸೇರಿಕೊಂಡರು.

ಆಸ್ತಿಯ ಡಿಜಿಟಲ್ ದಾಖಲೆಯಾದ ಇ–ಖಾತೆ ಇಲ್ಲದೆ ನೋಂದಣಿ ಇಲ್ಲ. ಅದಕ್ಕೆ ಓಡಾಡುವಾಗ ತಿಳಿದದ್ದು, ಮಾರುವವರು ಇಷ್ಟು ವರ್ಷ ಕಂದಾಯ ಕಟ್ಟಿದ್ದು ನೆಲಮಹಡಿಗೆ ಮಾತ್ರ; ಮೇಲಿನ ಎರಡು ಮನೆಗಳು ದಾಖಲೆಯಲ್ಲಿ ಹುಟ್ಟಿಯೇ ಇರಲಿಲ್ಲ. ಹಳೆಯ ಬಾಕಿ ಕಟ್ಟಿ ಸರಿಮಾಡಿಸುವಷ್ಟರಲ್ಲಿ ಆಗಸ್ಟ್ ಮೂರನೇ ವಾರ. ಇನ್ನೇನು ದಿನ ಗೊತ್ತುಮಾಡೋಣ ಎಂದರೆ ಅವರು ‘ಗೌರಿ–ಗಣೇಶ ಮುಗಿಯಲಿ’ ಎಂದರು. ಆಯಿತು ಎಂದೆವು. ಅದೇ ಹಬ್ಬದ ವಾರ ಸುದ್ದಿ ಬಂತು: ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ. ಗಣಪನಿಗೆ ನಾವು ಮಾಡಿದ್ದು ಎಪ್ಪತ್ತೆರಡು ಸಾವಿರದ ಕಡುಬು. ಶುಲ್ಕ ಹೇಗೂ ಏರಿತಲ್ಲ, ಬೇಗ ಮುಗಿಸೋಣ ಎಂದರೆ ಬ್ಯಾಂಕಿನ ಕಾಗದಗಳು ಬಂದು ಸೇರುವ ಹೊತ್ತಿಗೆ ಪಿತೃಪಕ್ಷ. ಅತ್ತೆ ಆ ಹದಿನೈದು ದಿನ ಮನೆಗೆ ಒಂದು ಪೊರಕೆಯನ್ನೂ ಕೊಳ್ಳುವವರಲ್ಲ. ನಾನು ವಾದಿಸಲಿಲ್ಲ. ಅವರ ಎರಡು ಬಳೆಗಳು ನಮ್ಮ ಬಂಡವಾಳದಲ್ಲಿ ಸೇರಿದ್ದವು.

ನವರಾತ್ರಿಯಲ್ಲಿ, ಸೆಪ್ಟೆಂಬರ್ 26ರ ಶುಕ್ರವಾರ ನೋಂದಣಿಯಾಯಿತು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು–ಸರ್ಚಾರ್ಜು ಸೇರಿ ಶೇ. 5.6, ನೋಂದಣಿ ಶುಲ್ಕ ಶೇ. 2: ಎಪ್ಪತ್ತೆರಡು ಲಕ್ಷಕ್ಕೆ 5,47,200 ರೂಪಾಯಿ. ಇದಕ್ಕೆ ಬ್ಯಾಂಕು ಸಾಲ ಕೊಡಲಿಲ್ಲ, ಕೈಯಿಂದಲೇ ಕಟ್ಟಬೇಕಾಯಿತು. ಕರಡನ್ನು ಮೊದಲೇ ಆನ್‌ಲೈನಿನಲ್ಲಿ ಸಲ್ಲಿಸಿ, ಪರಿಶೀಲನೆಯಾಗಿ, ಹಣ ಕಟ್ಟಿ, ಸಮಯ ಕಾಯ್ದಿರಿಸಿದ್ದರಿಂದ ನಮ್ಮ ಸರದಿ ಬಂದ ಮೇಲೆ ಚಿತ್ರ, ಹೆಬ್ಬೆಟ್ಟು ಎಲ್ಲ ಕಾಲು ಗಂಟೆಯಲ್ಲಿ ಮುಗಿಯಿತು. ಎಂಟು ತಿಂಗಳ ಓಡಾಟದ ಕೊನೆಗೆ ಹದಿನೈದು ನಿಮಿಷ. ಹೊರಗೆ ಬಂದು ಹಿರಿಯರು ಒಂದು ಕೀಲಿಗೊಂಚಲು ಕೊಟ್ಟರು. ನಾಲ್ಕೂ ಮನೆಯಲ್ಲಿ ಜನರಿದ್ದಾರೆ, ಕೀಲಿ ಯಾವುದಕ್ಕೆ? ನೋಡಿದರೆ ಮೋಟಾರಿನ ಪೆಟ್ಟಿಗೆಯದು.

ಆ ಮೋಟಾರಿನ ಕಥೆಯನ್ನು ಹೇಳಲೇಬೇಕು. ಕೆಳಗೆ ಮುಂದಿನ ಮನೆಯಲ್ಲಿರುವವರು ಹೊಲಿಗೆ ಮಾಡುತ್ತಾರೆ. ಅವರ ಮಗ ನನ್ನ ಶಾಲೆಯಲ್ಲಿ ಓದಿದವನಂತೆ, ಹಾಗಾಗಿ ಮೊದಲ ದಿನದಿಂದಲೇ ನಾನು ‘ಮಿಸ್’. ‘ಮಿಸ್, ಎಲ್ಲರಿಗೂ ಗೃಹಜ್ಯೋತಿ ಬರುತ್ತದೆ, ನಮಗೆ ಮಾತ್ರ ಯಾಕೆ ಪೂರ್ತಿ ಬಿಲ್ಲು?’ ಎಂದು ಬಿಲ್ಲುಗಳ ಕಂತೆಯನ್ನೇ ತಂದರು. ತಿಂಗಳಿಗೆ 212, 218, 209 ಯೂನಿಟ್. ಇನ್ನೂರು ದಾಟಿದರೆ ಬಿಲ್ಲನ್ನು ಪೂರ್ತಿ ಕಟ್ಟಬೇಕು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಎತ್ತುವ ಒಂದು ಎಚ್‌ಪಿ ಮೋಟಾರಿನ ತಂತಿ ಹಿಡಿದು ಹೋದರೆ ಅದು ಸೀದಾ ಅವರ ಮೀಟರಿಗೆ ಹೋಗಿ ಸೇರಿತು. ಒಂದು ಎಚ್‌ಪಿ ಎಂದರೆ 746 ವಾಟ್, ದಿನಕ್ಕೆ ಎರಡು ಗಂಟೆ ಓಡಿದರೆ ತಿಂಗಳಿಗೆ ಸುಮಾರು 45 ಯೂನಿಟ್. ನಾಲ್ಕು ಮನೆಯ ನೀರನ್ನು ಆ ಹೆಂಗಸು ವರ್ಷಗಟ್ಟಲೆ ಒಬ್ಬರೇ ಎತ್ತುತ್ತಿದ್ದರು. ಮೋಟಾರಿಗೆ ಮತ್ತು ಮೆಟ್ಟಿಲಿನ ದೀಪಕ್ಕೆ ನನ್ನ ಹೆಸರಿನಲ್ಲಿ ಐದನೆಯ ಮೀಟರ್ ಹಾಕಿಸಿದೆ. ಮುಂದಿನ ತಿಂಗಳು ಅವರ ಬಿಲ್ಲು ಸೊನ್ನೆ ಬಂದಾಗ ಒಂದು ರವಿಕೆ ಹೊಲಿದುಕೊಟ್ಟರು, ಕೂಲಿ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ಈಗ ಯಾರಾದರೂ ಇಂಥ ಕಟ್ಟಡ ತೋರಿಸಿದರೆ ನಾನು ಮೊದಲು ಹೋಗಿ ನಿಲ್ಲುವುದು ಮೀಟರ್ ಹಲಗೆಯ ಮುಂದೆ.

ಅಕ್ಟೋಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಆರು ಗಂಟೆಗೆ ಫೋನು. ಒಳಚರಂಡಿಯ ಚೇಂಬರ್ ಉಕ್ಕಿ ಗೇಟಿನವರೆಗೆ ಹರಿದಿತ್ತು. ನಾನು ಹೋಗುವಷ್ಟರಲ್ಲಿ ಕೆಳಗಿನವರು ಮೇಲಿನವರನ್ನು, ಮೇಲಿನವರು ಕೆಳಗಿನವರನ್ನು ಬೈದು ಮುಗಿಸಿ ನನಗಾಗಿ ಕಾಯುತ್ತಿದ್ದರು. ಯಂತ್ರದ ಗಾಡಿ ಬಂದು ಎಳೆದಾಗ ಸಿಕ್ಕಿದ್ದು ಒಂದು ನೆಲ ಒರೆಸುವ ಬಟ್ಟೆ ಮತ್ತು ಕೊಬ್ಬರಿ ನಾರಿನ ಉಂಡೆ. ಬಟ್ಟೆ ಯಾರದೆಂದು ಇಂದಿಗೂ ತೀರ್ಮಾನವಾಗಿಲ್ಲ. ಅಣ್ಣನಿಗೆ ಇದನ್ನು ಹೇಳಿರಲಿಲ್ಲ, ಹೇಗೋ ಗೊತ್ತಾಯಿತು. ‘ಸೈಟಿನಲ್ಲಿ ಚೇಂಬರ್ ಇರುವುದಿಲ್ಲ’ ಎಂದು ಒಂದು ಸಾಲಿನ ಸಂದೇಶ ಕಳಿಸಿದ.

ಕೆಳಗೆ ಹಿಂದಿನ ಮನೆಯವರು ಊರಿನಲ್ಲಿ ಮನೆ ಕಟ್ಟಿಸುತ್ತಿದ್ದರು. ಹಣ ಕೈಗೆ ಬಂದರೆ ಸಾಕು ಎಂದಿದ್ದರು. ನೋಂದಣಿಯಾದ ಎರಡು ವಾರದಲ್ಲಿ ಐದೂವರೆ ಲಕ್ಷ ಬ್ಯಾಂಕಿನ ಮೂಲಕ ಕೊಟ್ಟು, ಭೋಗ್ಯದ ಪತ್ರದ ಮೂಲ ಪ್ರತಿಯ ಮೇಲೆ ‘ಪೂರ್ತಿ ಸಂದಾಯವಾಗಿದೆ’ ಎಂದು ಬರೆಸಿಕೊಂಡು ವಾಪಸು ಪಡೆದೆವು. ಅಡುಗೆಮನೆಯ ಸೂರು ಮೇಲಿನ ಬಚ್ಚಲಿನಿಂದ ಜಿನುಗಿ ಕರ್ರಗಾಗಿತ್ತು. ಮೇಲಿನ ಬಚ್ಚಲ ನೆಲ ಕಿತ್ತು ಹಾಕಿಸಿ, ಸುಣ್ಣಬಣ್ಣ ಮುಗಿಸಿ, ಟ್ಯಾಂಕಿನ ಬಿರುಕು, ಹೊಸ ಮೀಟರು ಎಲ್ಲ ಸೇರಿ 1,85,000 ರೂಪಾಯಿ. ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ದಂಪತಿ ಏಳೂವರೆ ಸಾವಿರಕ್ಕೆ ಬಂದರು. ಹನ್ನೊಂದು ತಿಂಗಳ ಕರಾರು, ಅದರಲ್ಲಿ ನಾನೇ ಸೇರಿಸಿದ ಒಂದು ಸಾಲು: ಬಟ್ಟೆ, ನಾರು ಚರಂಡಿಗೆ ಹಾಕತಕ್ಕದ್ದಲ್ಲ.

ಈಗಿನ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಬರುತ್ತಿರುವ ಬಾಡಿಗೆ 23,500, ಕಂತು 33,458. ಪ್ರತಿ ತಿಂಗಳು ಹತ್ತು ಸಾವಿರ ನನ್ನ ಸಂಬಳದಿಂದ ಹೋಗುತ್ತಿದೆ. ಶುಲ್ಕ, ದಲ್ಲಾಳಿಯ ಶೇ. 1, ರಿಪೇರಿ ಎಲ್ಲ ಕೂಡಿದರೆ ಕಟ್ಟಡ ನಮಗೆ ಬಿದ್ದಿರುವುದು ಎಂಬತ್ತು ಲಕ್ಷಕ್ಕೆ. ನಾಲ್ಕೂ ಮನೆ ಬಾಡಿಗೆಗೆ ಬಂದರೂ ವರ್ಷಕ್ಕೆ 3,72,000. ನೂರಕ್ಕೆ ಐದೂ ಇಲ್ಲ. ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30 ರಿಯಾಯಿತಿ, ಮೇಲೆ ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ನಾನಿರುವ ಹೊಸ ಪದ್ಧತಿಯಲ್ಲಿ ಹಾಗೆ ಬಂದ ನಷ್ಟವನ್ನು ಸಂಬಳದ ಎದುರು ತೋರಿಸುವಂತಿಲ್ಲ. ‘ಬಾಡಿಗೆಯೇ ಕಂತು ಕಟ್ಟುತ್ತದೆ’ ಎಂದ ದಲ್ಲಾಳಿ ದಾರಿಯಲ್ಲಿ ಸಿಕ್ಕರೆ ಈಗಲೂ ನಮಸ್ಕಾರ ಮಾಡುತ್ತಾನೆ. ಶಿರಾ ರಸ್ತೆಯಲ್ಲಿ ಆರು ಮನೆಯ ಕಟ್ಟಡವೊಂದಿದೆಯಂತೆ.

ಉಳಿದದ್ದು ಅಜ್ಜಿಯ ಆರು ಲಕ್ಷ. ಅವರ ಅವಧಿ ಯುಗಾದಿಗೆ ಮುಗಿಯುತ್ತದೆ. ಹಣವನ್ನು ಬೇರೆಯೇ ಇಟ್ಟಿದ್ದೇನೆ. ಮೊನ್ನೆ ಬಾಡಿಗೆ ತೆಗೆದುಕೊಳ್ಳಲು ಹೋದಾಗ ಅದೇ ಮೆಟ್ಟಿಲ ಮೇಲೆ ಕುಳಿತಿದ್ದರು. ಈ ಸಲ ಮೊರದಲ್ಲಿ ಅವರೆಕಾಳು.

‘ಆ ಹಣ ನಮ್ಮ ಯಜಮಾನರು ತೆಂಗಿನ ತೋಟ ಮಾರಿದ್ದು ತಾಯಿ. ಕೈಗೆ ಬಂದರೆ ಮಗ ಕೇಳುತ್ತಾನೆ, ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿದ್ದರೆ ಇರುತ್ತದೆ.’

ನಾನು ಮೆಟ್ಟಿಲ ಮೇಲೆ ಕುಳಿತೆ. ಶೇ. 15ರ ಬಡ್ಡಿ ಎಂದು ವಕೀಲರಿಗೆ, ಯಜಮಾನರಿಗೆ, ಅಣ್ಣನಿಗೆ ಎಲ್ಲರಿಗೂ ವಿವರಿಸಿದ್ದ ಲೆಕ್ಕವನ್ನು ಅಜ್ಜಿಗೆ ಹೇಳಲು ಹೊರಟು, ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲಿಲ್ಲ.

‘ಅರ್ಧ ಭೋಗ್ಯ, ಅರ್ಧ ಬಾಡಿಗೆ ಮಾಡಿಕೊಳ್ಳಿ’ ಎಂದು ಅವರೇ ಹೇಳಿದರು. ‘ಮೂರು ಲಕ್ಷ ನಿಮ್ಮ ಹತ್ತಿರವೇ ಇರಲಿ. ಮೂರು ನನಗೆ ಕೊಡಿ, ಅಂಚೆ ಕಚೇರಿಯಲ್ಲಿ ಇಡುತ್ತೇನೆ, ಮಗನಿಗೆ ಅಲ್ಲಿಯದು ಗೊತ್ತಾಗುವುದಿಲ್ಲ. ತಿಂಗಳಿಗೆ ಮೂರೂವರೆ ಸಾವಿರ ಬಾಡಿಗೆ ಕೊಡುತ್ತೇನೆ.’

‘ಮೂರು ಮುಕ್ಕಾಲು ಆಗುತ್ತದೆ ಅಜ್ಜಿ, ಏಳೂವರೆಯ ಅರ್ಧ.’

ಅಜ್ಜಿ ಮೊರವನ್ನು ಒಮ್ಮೆ ಕೇರಿ, ಒಂದು ಹಿಡಿ ಅವರೆಕಾಳು ತೆಗೆದು ನನ್ನ ಸೆರಗಿಗೆ ಹಾಕಿದರು. ‘ಮೂರೂವರೆ ಎಂದೇ ಬರೆದುಕೊಳ್ಳಿ.’